ಮುನಿರಾಮಪ್ಪನ ಬ್ಯಾಡ್ಜು

ಹೋಳೂರಿನ ಆಂಜಿನಪ್ಪನ ಮಗಳು ಪದ್ಮಶ್ರೀ ಏನು ಓದಿದ್ದಾಳೆಂದು ಊರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೆಲವರು ಡಾಕ್ಟರು ಅನ್ನುತ್ತಾರೆ, ಕೆಲವರು ಎಕ್ಸ್‌ರೇ ತೆಗೆಯುವವಳು ಅನ್ನುತ್ತಾರೆ. ಎರಡೂ ಅಲ್ಲ. ಸ್ಕ್ಯಾನಿಂಗ್ ಯಂತ್ರ ಸರಿಯಾದ ಚಿತ್ರ ಕೊಡುತ್ತಿದೆಯೇ, ಅದರ ಕಿರಣ ಯಾರ ಮೈಗೆ ಎಷ್ಟು ತಾಗಿತು ಎಂದು ಅಳೆಯುವುದನ್ನು ಅವಳು ಕೋಲಾರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಲಿಯುತ್ತಿದ್ದಳು. ಇದಕ್ಕೆ ರೆಸಿಡೆನ್ಸಿ ಅನ್ನುತ್ತಾರೆ. ಕಲಿತ ಒಂದೊಂದು ಕೆಲಸಕ್ಕೂ ಲಾಗ್‌ಬುಕ್ಕಿನಲ್ಲಿ ಮುಖ್ಯಸ್ಥರ ಸಹಿ ಬೀಳಬೇಕು. ಬೀಳದಿದ್ದರೆ ಓದಿದ್ದೆಲ್ಲ ನೀರುಪಾಲು. ಈ ಬ್ಯಾಡ್ಜಿನ ಗಲಾಟೆ ಏಳುವ ಹೊತ್ತಿಗೆ ಹನ್ನೊಂದು ತಿಂಗಳು ಮುಗಿದಿತ್ತು, ಒಂದು ಉಳಿದಿತ್ತು.

ಮುಖ್ಯಸ್ಥರು ಮುಳಬಾಗಿಲಿನ ಸಂಕರ್ಷಣ. ಕೆಟ್ಟವರೇನಲ್ಲ, ತಲೆನೋವು ಬೇಡ ಅನ್ನುವವರು ಅಷ್ಟೆ. ಸ್ಕ್ಯಾನಿಂಗ್ ಕೋಣೆಯಲ್ಲಿ ದುಡಿಯುವವರೆಲ್ಲ ಎದೆಗೆ ಒಂದು ಬ್ಯಾಡ್ಜು ಸಿಕ್ಕಿಸಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಲ್ಯಾಬಿನವರು ಅದನ್ನು ನೋಡಿ ಎಷ್ಟು ಕಿರಣ ತಾಗಿದೆಯೆಂದು ತಿಳಿಸುತ್ತಾರೆ. ಇಲ್ಲಿ ಬ್ಯಾಡ್ಜುಗಳೆಲ್ಲ ಮೇಜಿನ ಖಾನೆಯಲ್ಲಿ ಬೆಚ್ಚಗೆ ಮಲಗಿರುತ್ತಿದ್ದವು. ಹಾಕಿಕೊಂಡರೆ ತಾನೆ ಅಂಕಿ ಏರುವುದು, ಏರಿದರೆ ತಾನೆ ವಿಚಾರಣೆ! ಎಂಥ ಬುದ್ಧಿವಂತರು ನೋಡಿ.

ಪದ್ಮಶ್ರೀಗೆ ಇದು ಹಿಡಿಸಲಿಲ್ಲ. ಅವಳು ಮೊದಲು ಬೆನ್ನು ಹತ್ತಿದ್ದು ಅಟೆಂಡರ್ ಮುನಿರಾಮಪ್ಪನನ್ನು. ರಾಯಲ್ಪಾಡಿನವನು, ಐವತ್ತು ದಾಟಿದವನು, ಗುತ್ತಿಗೆಯ ಆಳು. ಅಳುವ ಮಕ್ಕಳು ಯಂತ್ರದಲ್ಲಿ ಅಲುಗಾಡದಂತೆ ಸ್ಕ್ಯಾನ್ ಮುಗಿಯುವತನಕ ಪಕ್ಕದಲ್ಲೇ ನಿಂತು ತಲೆ ಹಿಡಿದುಕೊಳ್ಳುವುದು ಅವನ ಕೆಲಸ. ದಿನವೂ ಒಬ್ಬನೇ ಹಾಗೆ ಹಿಡಿಯಬಾರದು ಎಂದು ಅವಳು ಹೇಳಿ ನೋಡಿದಳು. ಯಾರು ಕೇಳುತ್ತಾರೆ? ಬ್ಯಾಡ್ಜನ್ನಾದರೂ ಹಾಕಲಿ ಎಂದು ದಿನಾ ಬೆಳಗ್ಗೆ ತಾನೇ ಸಿಕ್ಕಿಸಿದಳು. ಮಗಳಂಥವಳ ಮಾತು ತೆಗೆದುಹಾಕಬಾರದೆಂದು ಅವನೂ ಮೂರು ತಿಂಗಳು ಹಾಕಿಕೊಂಡ.

ಅಂಕಿ ಬಂತು. ಮಿತಿ ದಾಟಿತ್ತು. ವಿಚಾರಣೆ ಮುಗಿಯುವತನಕ ಮುನಿರಾಮಪ್ಪ ಆ ಕೋಣೆಯೊಳಗೆ ಕಾಲಿಡುವಂತಿಲ್ಲ ಎಂದು ಕಿರಣದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಮಂಡಳಿಯಿಂದ ಪತ್ರವೂ ಬಂತು. ಗುತ್ತಿಗೆದಾರ, ಹಾಗಾದರೆ ಬೇರೆ ಆಳು ಕಳಿಸುತ್ತೇನೆ ಎಂದುಬಿಟ್ಟ.

ಸಂಕರ್ಷಣ ಪದ್ಮಶ್ರೀಯ ಮುಂದೆ ವಿಚಾರಣೆಯ ಫಾರಂ ಇಟ್ಟರು.

"ಬ್ಯಾಡ್ಜ್ ಕೋಣೇಲೇ ಮರೆತು ನೇತಾಕಿದ್ದ ಅಂತ ಬರೀರಿ. ಕಿರಣ ಬ್ಯಾಡ್ಜಿಗೆ ಬಿದ್ದಿದ್ದು, ಮೈಗಲ್ಲ ಅಂತಾಗುತ್ತೆ. ಅವನೂ ವಾಪಸ್ ಬರ್ತಾನೆ."

"ಅವರು ಮರೆತಿಲ್ಲ ಸರ್. ದಿನಾ ನೋಡಿದೀನಿ."

"ಹಾಗಾದ್ರೆ ಮಕ್ಕಳನ್ನ ಅವನೊಬ್ಬನ ಕೈಲೇ ಯಾಕೆ ಹಿಡಿಸಿದ್ರಿ ಅಂತ ಕೇಳ್ತಾರೆ. ಇಲ್ಲಿ ಟ್ರೇನಿಂಗೇ ನಿಲ್ಲಿಸ್ತಾರೆ. ನಿಮ್ಮ ಉಳಿದ ತಿಂಗಳು ಎಲ್ಲಿ ಮಾಡ್ತೀರಿ?"

ಮುನಿರಾಮಪ್ಪನಾದರೂ ನಿಜ ಬರೆಯಲು ಹೇಳಿಯಾನು ಎಂದುಕೊಂಡು ಅವಳು ಹೊರಗೆ ಬಂದಳು. ಅವನು ಬೆಂಚಿನಿಂದ ಎದ್ದು ನಿಂತ.

"ಚೂಡಮ್ಮಾ, ಇಲ್ನೋಡು, ಮರ್ತೋದ ಅಂತಾನೇ ಬರ್ದುಬಿಡು. ಈ ವಯಸ್ಸಲ್ಲಿ ನನ್ನ ಯಾರು ಇಟ್ಕೊಂತಾರೆ?"

"ಅದು ನಿಮ್ಮ ಮೈಗೇ ತಾಗಿರೋದು ಮುನಿರಾಮಣ್ಣ. ಅಳಿಸಿಬಿಟ್ರೆ, ನಾಳೆ ಏನಾದ್ರೂ ಆದಾಗ ಯಾರೂ ನಂಬಲ್ಲ."

"ಮೈ ನಂದು ಕಣಮ್ಮ. ಬ್ಯಾಡ್ಜ್ ಹಾಕ್ದೋಳು ನೀನು."

ನಿಜ ಬರೆದರೆ ಅವನ ಅನ್ನವೂ ಹೋಯಿತು, ತನ್ನ ಓದೂ ಹೋಯಿತು. ಸುಳ್ಳು ಬರೆದರೆ ಅವನು ಮತ್ತೆ ಅದೇ ಯಂತ್ರದ ಪಕ್ಕಕ್ಕೆ. ಎತ್ತ ತಿರುಗಿದರೂ ದಾರಿಯಿಲ್ಲ. ಅವಳಿಗೆ ಅವರಿಬ್ಬರಿಗಿಂತ ತನ್ನ ಮೇಲೇ ಹೆಚ್ಚು ಹೇಸಿಗೆಯಾಯಿತು. ಸಂಜೆಯ ಹೊತ್ತಿಗೆ ಫಾರಂ ತುಂಬಿ ಕೊಟ್ಟಳು.

ಎರಡು ವಾರಕ್ಕೆ ಮಂಡಳಿಯಿಂದ ಒಪ್ಪಿಗೆಯ ಪತ್ರ ಬಂತು. ಸಂಕರ್ಷಣ ಖುಷಿಯಿಂದ ಲಾಗ್‌ಬುಕ್ ತರಿಸಿಕೊಂಡು, 'ಮಿತಿಮೀರಿದ ಕಿರಣದ ಪ್ರಕರಣವನ್ನು ಸ್ವತಂತ್ರವಾಗಿ ತನಿಖೆ ಮಾಡುವುದು' ಎಂಬ ಸಾಲು ಹುಡುಕಿದರು. ಅದರ ಎದುರು 'ಅತ್ಯುತ್ತಮ' ಎಂದು ಬರೆದು ಸಹಿ ಹಾಕಿದರು. ಪಕ್ಕದ ಕೋಣೆಯಲ್ಲಿ ಮುನಿರಾಮಪ್ಪ ಯಾವುದೋ ಮಗುವನ್ನು ತೆಲುಗಿನಲ್ಲಿ ಸಮಾಧಾನ ಮಾಡುತ್ತಿದ್ದ.

"ಥ್ಯಾಂಕ್ಯೂ ಸರ್," ಎಂದಳು ಪದ್ಮಶ್ರೀ.