ನಕಲು ವಿಭಾಗದ ಇಮಾಮಸಾಹೇಬರು

ಬೈಯುವುದಿದ್ದರೆ ಬೈಸಿಕೊಳ್ಳುವವರಿಗೆ ತಿಳಿಯದ ಭಾಷೆಯಲ್ಲಿ ಬೈಯಬೇಕು ಎಂಬುದು ಇಮಾಮಸಾಹೇಬರ ನೇಮ. ಕನ್ನಡದ ಕವನ ಸಂಕಲನ ಕೈಗೆ ಬಂದರೆ ಅದರ ವಿಮರ್ಶೆಯನ್ನು ಉರ್ದುವಿನಲ್ಲಿ ಬರೆದು ಹೈದರಾಬಾದಿನ ಒಂದು ಮಾಸಿಕಕ್ಕೆ ಕಳಿಸುತ್ತಿದ್ದರು. ದೂರದೂರಿನ ಶಾಯರನೊಬ್ಬನ ಗಜಲುಗಳ ಪುಸ್ತಕ ಬಂದರೆ ಅದರ ವಿಮರ್ಶೆ ಕನ್ನಡದಲ್ಲಿ, ವಿಜಾಪುರದ ಒಂದು ವಾರಪತ್ರಿಕೆಗೆ. ಹೀಗಾಗಿ ಅವರು ಯಾರ ಬಗ್ಗೆ ಬರೆಯುತ್ತಿದ್ದರೋ ಅವರು ಅದನ್ನು ಓದುತ್ತಿರಲಿಲ್ಲ. ಯಾರು ಓದುತ್ತಿದ್ದರೋ ಅವರಿಗೆ ಆ ಪುಸ್ತಕದ ಗೊಡವೆ ಇರಲಿಲ್ಲ. ಎರಡನ್ನೂ ಓದುತ್ತಿದ್ದವಳು ಸಿಂದಗಿಯಲ್ಲಿ ಬಹುಶಃ ನಾನೊಬ್ಬಳೇ.

ಈ ನೇಮಕ್ಕೆ ಕಾರಣವಿತ್ತು. ಮುದ್ದೇಬಿಹಾಳದಲ್ಲಿ ಇದ್ದಾಗ ಅಲ್ಲಿಯ ಹಿರಿಯ ಕವಿಯೊಬ್ಬರ ಪುಸ್ತಕದ ಬಗ್ಗೆ ಕನ್ನಡದಲ್ಲೇ ಬರೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದರಂತೆ. ಆ ಹಿರಿಯರು ಮರುದಿನದಿಂದ ಎದುರಿಗೆ ಸಿಕ್ಕರೂ ಮುಖ ತಿರುವಿದರು. ‘ನಮ್ಮ ಪದ್ಯದ ಉಸಾಬರಿ ಈ ಸಾಬಗ್ಯಾಕ ಬೇಕಾಗಿತ್ತು’ ಎಂದು ಚಹಾದಂಗಡಿಯಲ್ಲಿ ಯಾರೋ ಅಂದದ್ದು ಇವರ ಕಿವಿಗೂ ಬಿತ್ತು.

“ಖರೇ ಹೇಳೂದು ಬಿಡಾಕ ಆಗೂದಿಲ್ರಿ ಅಕ್ಕಾರ. ಮಂದಿ ಮನಸ್ಸ ಮುರಿಯೂದೂ ನನ್ನ ಕೈಲೆ ಆಗೂದಿಲ್ಲ. ಅದಕ್ಕ ಇದೊಂದ ಹಾದಿ ಹುಡಕೊಂಡೇನಿ,” ಎಂದು ನನಗೆ ಹೇಳಿದ್ದರು. ಆಗ ನನಗದು ಬಲು ಜಾಣತನದ ಹಾದಿ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ.

ನಾನು ಉರ್ದು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವ ಶಿಕ್ಷಕಿಯಾಗಿದ್ದೆ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಇಮಾಮಸಾಹೇಬರು ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಂದು ಖೋಲಿ ಹಿಡಿದು ಒಬ್ಬರೇ ಇರುತ್ತಿದ್ದರು. ಕೋರ್ಟಿನ ನಕಲು ವಿಭಾಗದಲ್ಲಿ ಗುಮಾಸ್ತಿಕೆ. ಬಾಗೇವಾಡಿ, ಇಂಡಿ, ಮುದ್ದೇಬಿಹಾಳದ ನೀರು ಕುಡಿದು ತೊಂಬತ್ತರ ದಶಕದ ಮೊದಲಿಗೆ ಸಿಂದಗಿಗೆ ಬಂದಿದ್ದರು. ಒಣಕಲು ಮೈ, ಇಸ್ತ್ರಿ ಕಾಣದ ಬಿಳಿ ಅಂಗಿ, ಜೇಬಿನಲ್ಲಿ ಯಾವಾಗಲೂ ಒಂದು ಕೆಂಪು ಪೆನ್ಸಿಲು. ಮದುವೆ ಯಾಕಾಗಲಿಲ್ಲ ಎಂದು ನಮ್ಮ ಅತ್ತೆ ಒಮ್ಮೆ ಕೇಳಿಯೇಬಿಟ್ಟರು. “ಎರಡೂ ಭಾಷಾದಾಗ ಕೇಳಿ ನೋಡಿದ್ನಿರಿ. ಎರಡರಾಗೂ ಒಲ್ಲೆ ಅಂದ್ರು,” ಎಂದರು. ಅತ್ತೆ ನಕ್ಕರು. ಅವರೂ ನಕ್ಕರು. ಆಮೇಲೆ ಚಹಾ ಪೂರ್ತಿ ಕುಡಿಯದೆ ಎದ್ದು ಹೋದರು.

ಕೋರ್ಟಿನಲ್ಲಿ ಅವರ ಕೆಲಸ ಹಳೆಯ ದಾವೆಗಳ ಕಾಗದಪತ್ರಗಳ ನಕಲು ತೆಗೆದು, ಅಸಲಿನೊಂದಿಗೆ ತಾಳೆ ನೋಡಿ, ಸಹಿಗೆ ಕಳಿಸುವುದು. ತಾಳೆ ನೋಡುವುದಕ್ಕೆ ಇಬ್ಬರು ಬೇಕು. ಒಬ್ಬರು ಅಸಲನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನಕಲಿನ ಮೇಲೆ ಕಣ್ಣಿಟ್ಟು ಬೆರಳು ಸರಿಸುತ್ತ ಹೋಗಬೇಕು. ಉಳಿದ ಗುಮಾಸ್ತರು ಇದನ್ನು ಕಾಟಾಚಾರಕ್ಕೆ ಮುಗಿಸಿದರೆ ಇವರು ಅಲ್ಪವಿರಾಮವನ್ನೂ ಬಿಡುತ್ತಿರಲಿಲ್ಲ. “ನಕಲಿನ್ಯಾಗ ನಮ್ಮ ದಯಾ-ದಾಕ್ಷಿಣ್ಯ ಇರಬಾರದ್ರಿ. ಅಸಲಿನ್ಯಾಗ ತಪ್ಪಿತ್ತಂದ್ರ ತಪ್ಪನ್ನೂ ಹಂಗ ಇಳಸಬೇಕು,” ಎನ್ನುತ್ತಿದ್ದರು.

ಕವಿತೆಯನ್ನು ಎರಡು ಭಾಷೆಯಲ್ಲೂ ಬರೆಯುತ್ತಿದ್ದರು. ಚೆನ್ನಾಗಿಯೇ ಬರೆಯುತ್ತಿದ್ದರು. ಆದರೆ ಅವನ್ನು ಕೇಳುವವರು ಯಾರು? ಇಂಡಿಯಲ್ಲಿ ಸಾಹಿತ್ಯದ ಸಮಾರಂಭವೊಂದಕ್ಕೆ ಕರೆದಿದ್ದರೆಂದು ಒಮ್ಮೆ ಎರಡು ಹೊಸ ಕವಿತೆ ಬರೆದುಕೊಂಡು ಹೋದರು. ಸಂಜೆ ಬಸ್ಸಿಳಿದವರೇ ನಮ್ಮ ಕಟ್ಟೆಯ ಮೇಲೆ ಕುಳಿತರು. “ಕವಿಗೋಷ್ಠಿಗೆ ಬ್ಯಾರೆಯವರಿದ್ರು. ನನ್ನ ಭಾವೈಕ್ಯದ ಗೋಷ್ಠಿಗೆ ಹಾಕಿದ್ರು. ಸಾಹೇಬ್ರ, ಭಾವೈಕ್ಯದ ಮ್ಯಾಲೆ ನಾಕ ಮಾತ ಹೇಳ್ರಿ ಅಂದ್ರು. ಹೇಳಿ ಬಂದ್ನಿ,” ಎಂದರು. ಮುಶಾಯಿರಾ ಎಂಬ ಉರ್ದು ಕವಿಗೋಷ್ಠಿಗಳಲ್ಲಿ ಇವರು ಕನ್ನಡದ ಸಾಹೇಬರು. ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ ಇವರ ಸರದಿ. ಆ ಎರಡು ಕವಿತೆಗಳನ್ನು ಅವತ್ತು ಕಟ್ಟೆಯ ಮೇಲೆಯೇ ನನಗೆ ಓದಿ ತೋರಿಸಿದರು. ನಾನು ಅಕ್ಕಿ ಆರಿಸುತ್ತ ಕೇಳಿದೆ. ಮೊರದಿಂದ ತಲೆಯೆತ್ತಿ ಕೇಳಬೇಕಾಗಿತ್ತು ಎಂದು ಈಗ ಮನಸ್ಸು ಚುಚ್ಚುತ್ತದೆ.

ಅವರಿಗೆ ಇದ್ದವನು ಒಬ್ಬನೇ ಗೆಳೆಯ, ಸಿದ್ರಾಮಪ್ಪ. ಮೋರಟಗಿಯಿಂದ ಬಂದು ಸಿಂದಗಿ ಬಜಾರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ದಪ್ಪ ದನಿಯ ಮನುಷ್ಯ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಕೋರ್ಟು ಬಿಟ್ಟ ಮೇಲೆ ಇಮಾಮಸಾಹೇಬರು ನೇರವಾಗಿ ಅಲ್ಲಿಗೆ ಹೋಗಿ ಹಣದ ಗಲ್ಲೆಯ ಪಕ್ಕದ ಕುರ್ಚಿಯಲ್ಲಿ ಕೂಡುತ್ತಿದ್ದರು. ಚಹಾ ಬರುತ್ತಿತ್ತು, ಜಗಳವೂ ಬರುತ್ತಿತ್ತು. ತೊಗರಿ ಬೀಜ ಕೇಳಲು ಬಂದ ರೈತರು ಪದ್ಯದ ಬಗ್ಗೆ ಇಬ್ಬರು ಕಿರುಚಾಡುವುದನ್ನು ಬಾಯಿ ಬಿಟ್ಟು ನೋಡುತ್ತ ನಿಲ್ಲುತ್ತಿದ್ದರು. ಸಿದ್ರಾಮಪ್ಪನಿಗೂ ಬರೆಯುವ ಹುಚ್ಚಿತ್ತು. ಅಂಗಡಿಯ ಬಿಲ್ಲಿನ ಹಿಂದೆ ಬರೆದು ಬರೆದು ನಲವತ್ತು ಪದ್ಯಗಳಾದಾಗ ಪುಸ್ತಕ ಮಾಡಿಸಿದರು. ಬಿಡುಗಡೆಯ ದಿನ ಇಮಾಮಸಾಹೇಬರು ವೇದಿಕೆಯ ಮೇಲೆ ಎದ್ದು, “ಪುಸ್ತಕ ಚೆಂದ ಅಚ್ಚಾಗೈತಿ. ಸಿದ್ರಾಮ ನನ್ನ ದೋಸ್ತ ಅನ್ನೂದು ನನಗ ಹೆಮ್ಮಿ,” ಎಂದಷ್ಟೇ ಹೇಳಿ ಕುಳಿತುಬಿಟ್ಟರು. ಹೇಳಬೇಕಾದದ್ದನ್ನು ಉರ್ದುವಿನಲ್ಲಿ ಬರೆದು ಹೈದರಾಬಾದಿಗೆ ಕಳಿಸಿದರು.

ಆ ಮಾಸಿಕ ಸಿದ್ರಾಮಪ್ಪನ ಕೈಗೆ ಬಂದೀತೆಂದು ಅವರು ಕನಸಿನಲ್ಲಿಯೂ ಎಣಿಸಿರಲಿಕ್ಕಿಲ್ಲ. ಆದರೆ ಹೈದರಾಬಾದಿಗೆ ನಿಂಬೆಹಣ್ಣು ಒಯ್ಯುತ್ತಿದ್ದ ಇಂಡಿಯ ವ್ಯಾಪಾರಿಯೊಬ್ಬ ಅಲ್ಲಿ ಯಾರದೋ ಅಂಗಡಿಯಲ್ಲಿ ಆ ಸಂಚಿಕೆ ನೋಡಿದ್ದ. ಅದರಲ್ಲಿ ಪುಸ್ತಕದ ಮುಖಪುಟವನ್ನು ಅಚ್ಚು ಹಾಕಿದ್ದರು. ಗುರುತು ಹಿಡಿದು, ಬರೆದವರು ಇಮಾಮಸಾಹೇಬರೆಂದು ಕೇಳಿ ತಿಳಿದು, ಒಂದು ಪ್ರತಿ ತಂದುಕೊಟ್ಟ. ಸಿದ್ರಾಮಪ್ಪ ಅದನ್ನು ಎದೆಗೊತ್ತಿಕೊಂಡು ನಮ್ಮ ಮನೆಗೆ ಓಡಿಬಂದರು.

“ಅಂವನ್ನ ಕೇಳಿದ್ರ ನಾಚ್ಕೊಂಡು ಹೇಳೂದಿಲ್ರಿ. ನೀವ ಓದಿ ಹೇಳ್ರಿ ಅಕ್ಕಾರ. ನನ್ನ ಬಗ್ಗೆ ಹೈದರಾಬಾದಿನ್ಯಾಗ ಏನ್ ಬರದಾನ?”

ನಾನು ಲೇಖನದ ಮೇಲೆ ಕಣ್ಣಾಡಿಸಿದೆ. ನಲವತ್ತರಲ್ಲಿ ಮೂವತ್ತೊಂಬತ್ತು ಕವಿತೆಗಳು ಬೇರೆಯವರ ಬಾಯಿಂದ ಬಿದ್ದ ಮಾತುಗಳು ಎಂದು ಬರೆದಿದ್ದರು. ಬೀಜದ ವ್ಯಾಪಾರ ಮಾಡುವ ನನ್ನ ಗೆಳೆಯನಿಗೆ ಜೊಳ್ಳು ಯಾವುದೆಂದು ಚೆನ್ನಾಗಿ ಗೊತ್ತು, ಗೊತ್ತಿದ್ದೂ ಚೀಲ ತುಂಬಿದ್ದಾನೆ ಎಂದು ಬರೆದಿದ್ದರು. ಎದುರಿಗೆ ಸಿದ್ರಾಮಪ್ಪ ನಮ್ಮ ಚಾಪೆಯ ಮೇಲೆ ಮಗುವಿನ ಹಾಗೆ ಕಣ್ಣರಳಿಸಿ ಕುಳಿತಿದ್ದರು. ನನಗೆ ಧೈರ್ಯ ಸಾಲಲಿಲ್ಲ. ಉರ್ದು ಸಾಲುಗಳ ಮೇಲೆ ಬೆರಳು ಸರಿಸುತ್ತ ಬಾಯಿಗೆ ಬಂದ ಹೊಗಳಿಕೆಯನ್ನೆಲ್ಲ ಕನ್ನಡದಲ್ಲಿ ಹೇಳುತ್ತ ಹೋದೆ. ನಾಡಿನ ಅಭಿಮಾನ ತುಂಬಿ ತುಳುಕಿದೆ, ಪ್ರತಿಯೊಂದು ಪದ್ಯವೂ ಒಂದಕ್ಕಿಂತ ಒಂದು ಮಿಗಿಲು ಎಂದೆ.

ಅವರು ತಡೆದು ಕೇಳಿದರು. “ಕಡೀ ಪುಟದಾಗ ಒಂದ್ ಸಣ್ಣ ಪದ್ಯ ಐತ್ರಿ. ಅದರ ಬಗ್ಗೆ ಏನರೆ ಬ್ಯಾರೆ ಬರದಾನೇನ್ರಿ?”

ಬರೆದಿದ್ದರು. ಲೇಖನದ ಅರ್ಧಭಾಗ ಅದರ ಬಗ್ಗೆಯೇ ಇತ್ತು. ಆದರೆ ಆ ಒಂದನ್ನು ಎತ್ತಿ ಹೇಳಿದರೆ ಉಳಿದವುಗಳ ಸುದ್ದಿ ಬರುತ್ತದೆ, ನನ್ನ ಸುಳ್ಳು ಬಯಲಾಗುತ್ತದೆ ಎಂದು ಗಾಬರಿಯಾಯಿತು.

“ಎಲ್ಲಾ ಸೇರಿಸೇ ಹೇಳ್ಯಾರ್ರಿ,” ಎಂದೆ.

“ಹೂಂ,” ಎಂದರು. ಮುಖ ಒಂದು ಗಳಿಗೆ ಸಪ್ಪಗಾಗಿ ಮತ್ತೆ ಅರಳಿತು. ಇದನ್ನೆಲ್ಲ ಕನ್ನಡದಲ್ಲಿ ಬರೆದುಕೊಡಿ ಎಂದು ಗಂಟುಬಿದ್ದರು. ಬರೆದುಕೊಟ್ಟೆ. ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಅದನ್ನು ವಾರಪತ್ರಿಕೆಗೆ ಕೊಟ್ಟರು. ಇಮಾಮಸಾಹೇಬರ ಹೆಸರಿನಲ್ಲಿ, ಕೆಳಗೆ ಅನುವಾದಕಿಯಾಗಿ ನನ್ನ ಹೆಸರಿನೊಂದಿಗೆ, ಅದು ಅಚ್ಚಾಯಿತು.

ಆ ರವಿವಾರ ಬೆಳಿಗ್ಗೆ ಇಮಾಮಸಾಹೇಬರು ನಮ್ಮ ಮನೆಗೆ ಬಂದರು. ಒಂದು ಕೈಯಲ್ಲಿ ಮಾಸಿಕ, ಇನ್ನೊಂದರಲ್ಲಿ ವಾರಪತ್ರಿಕೆ. ಬೈಯುತ್ತಾರೆ ಎಂದು ನಾನು ತಲೆ ತಗ್ಗಿಸಿ ನಿಂತೆ. ಅವರು ಕುಳಿತು, ವಾರಪತ್ರಿಕೆಯನ್ನೂ ಕೆಂಪು ಪೆನ್ಸಿಲನ್ನೂ ನನ್ನ ಮುಂದೆ ಇಟ್ಟರು. “ನಾ ಅಸಲು ಓದ್ತೇನಿ. ನೀವು ನಕಲಿನ ಮ್ಯಾಲೆ ಕಣ್ಣಿಡ್ರಿ. ಎಲ್ಲಿ ಕೂಡೂದಿಲ್ಲ ಅಲ್ಲಿ ಗುರ್ತ ಮಾಡ್ರಿ.”

ಓದಿದರು. ಕೋರ್ಟಿನ ಸಮದನಿಯಲ್ಲಿ, ಅಲ್ಪವಿರಾಮಕ್ಕೆ ನಿಂತು ನಿಂತು ಓದಿದರು. ನಾನು ಗುರುತು ಮಾಡುತ್ತ ಹೋದೆ. ಕೊನೆಗೆ ನನ್ನ ಇಡೀ ಅಂಕಣ ಕೆಂಪಾಗಿತ್ತು. ನಾನು ಅಳುತ್ತಿದ್ದೆ.

“ಬೈದದ್ದ ತಗದ್ರಿ, ಇರಲಿ. ನಿಮ್ಮ ದಾಕ್ಷಿಣ್ಯ ನನಗ ತಿಳೀತೈತಿ. ಆ ಒಂದ್ ಪದ್ಯದ ಮಾತ ಯಾಕ ತಗದ್ರಿ ಅಕ್ಕಾರ?” ಎಂದರು.

ನಾನು ಈಗಲೇ ಹೋಗಿ ಸಿದ್ರಾಮಪ್ಪನಿಗೆ ನಿಜ ಹೇಳುತ್ತೇನೆ ಎಂದೆ. ಬೇಡ, ನಾನೇ ಹೇಳುತ್ತೇನೆ ಎಂದು ಎದ್ದು ಹೋದರು. ಸಂಜೆ ಕೇಳಿದಾಗ ಹೇಳಲಾಗಲಿಲ್ಲವೆಂದು ತಲೆ ಅಲ್ಲಾಡಿಸಿದರು. ಸಿದ್ರಾಮಪ್ಪ ಆ ಬರಹವನ್ನು ಕತ್ತರಿಸಿ, ಗಾಜಿನ ಕಟ್ಟು ಹಾಕಿಸಿ, ಅಂಗಡಿಯಲ್ಲಿ ಹೆಂಡತಿಯ ಫೋಟೋದ ಕೆಳಗೆ ತೂಗುಹಾಕಿದ್ದರಂತೆ. “ಬಂದ ರೈತರಿಗೆಲ್ಲ ಇಂವನ ನೋಡ್ರಿ ಬರದಾಂವ ಅಂತ ನನ್ನ ತೋರಸಾಕತ್ತಾನ. ಅಂಥಾ ಹೊತ್ತಿನ್ಯಾಗ ಏನ್ ಹೇಳ್ಲಿರಿ?”

ಒಂದು ತಿಂಗಳು ಆ ಕುರ್ಚಿಯಲ್ಲಿ ಹೋಗಿ ಕುಳಿತರು. ತಲೆಯ ಮೇಲೆ ತಾವು ಬರೆಯದ ಸಾಲುಗಳು, ಅವುಗಳ ಕೆಳಗೆ ತಮ್ಮ ಹೆಸರು. ಸುಳ್ಳು ಸಾಲೊಂದನ್ನು ಹುಟ್ಟಿನಿಂದ ಬರೆಯದ ಮನುಷ್ಯ ಅದನ್ನು ದಿನಾ ಹೇಗೆ ನುಂಗಿದರೋ. ಆಮೇಲೆ ಕೋರ್ಟಿನಿಂದ ಹಿಂದಿನ ಓಣಿ ಹಿಡಿದು ಖೋಲಿಗೆ ಬರತೊಡಗಿದರು. ಮಾಸಿಕಕ್ಕೆ ಬರೆಯುವುದನ್ನು ನಿಲ್ಲಿಸಿದರು. ಬೇಡಿಕೊಂಡು ಮುದ್ದೇಬಿಹಾಳಕ್ಕೆ ವರ್ಗ ಮಾಡಿಸಿಕೊಂಡರು, ಮುಖ ತಿರುವಿದ್ದ ಅದೇ ಊರಿಗೆ. ಸಿದ್ರಾಮಪ್ಪ ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದರು. “ಯಾಕ್ರಿ ಅಂವಾ ಬರೂದ ಬಿಟ್ಟ? ನಾ ಏನರೆ ಅಂದೆನೇನು?” ಇಲ್ಲ ಎನ್ನುತ್ತಿದ್ದೆ. ಹೆದರಿಕೆ. ಅದಕ್ಕೆ ಬೇರೆ ಹೆಸರು ಕೊಡಲಾರೆ.

ಕೆಲವು ವರ್ಷಗಳ ಮೇಲೆ ತರಬೇತಿಯೊಂದಕ್ಕೆ ಮುದ್ದೇಬಿಹಾಳಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು. ನಿವೃತ್ತರಾಗಿದ್ದರು. ಬಸ್ಸಿಗೆ ಕಾಯುತ್ತಿರಲಿಲ್ಲ, ಮಾತಿನ ಸದ್ದು ಕಿವಿಗೆ ಬೀಳಲೆಂದು ಮಧ್ಯಾಹ್ನ ಅಲ್ಲಿ ಬಂದು ಕೂಡುತ್ತಾರಂತೆ. ಚಹಾ ಕುಡಿಸಿದರು.

“ಸಿದ್ರಾಮ ಹೆಂಗದಾನ?”

“ಆರಾಮ ಅದಾರ್ರಿ. ನಿಮ್ಮನ್ನ ಭಾಳ ನೆನಸ್ತಾರ.”

“ಪದ್ಯ ಬರೀತಾನೇನು?”

“ಇಲ್ರಿ. ಆ ಪುಸ್ತಕ ಆದ ಮ್ಯಾಲೆ ಬರೀಲೇ ಇಲ್ಲ.”

ಲೋಟವನ್ನು ಕೆಳಗಿಟ್ಟರು. “ಆ ಕಡೀ ಪದ್ಯದಂಥಾವು ಇನ್ನೂ ಇದ್ದೂವು ಅಂವನ ಕಡೆ. ಯಾರರೆ ಹೇಳಬೇಕಾಗಿತ್ತು,” ಎಂದರು. ನನ್ನ ಬಸ್ಸು ಬಂತು. ಕಿಟಕಿಯಿಂದ ನೋಡಿದಾಗ ಅವರು ಪಕ್ಕದಲ್ಲಿ ಕುಳಿತ ಅಪರಿಚಿತನ ಕಡೆ ತಿರುಗಿ ಏನೋ ಕೇಳುತ್ತಿದ್ದರು. ಅವನು ಉತ್ತರಿಸದೆ ಎದ್ದು ಹೋದ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು. ಸುದ್ದಿ ನಮಗೆ ತಲುಪುವ ಹೊತ್ತಿಗೆ ಮಣ್ಣಾಗಿ ಹತ್ತು ದಿನಗಳಾಗಿದ್ದವು. ಯಾವ ಪತ್ರಿಕೆಯಲ್ಲೂ ಬರಲಿಲ್ಲ, ಯಾವ ಭಾಷೆಯಲ್ಲೂ ಬರಲಿಲ್ಲ. ಸಿದ್ರಾಮಪ್ಪ ತಮ್ಮ ಅಂಗಡಿಯಲ್ಲೇ ಒಂದು ಶೋಕಸಭೆ ಕರೆದರು. ಐದಾರು ಜನ ಬಂದಿದ್ದೆವು. ಅದರಲ್ಲಿಬ್ಬರು ಗೊಬ್ಬರದ ಏಜೆಂಟರು. ಇಮಾಮಸಾಹೇಬರು ಎಂಥ ದೊಡ್ಡ ವಿಮರ್ಶಕರೆಂದು ತೋರಿಸಲು ಸಿದ್ರಾಮಪ್ಪ ಆ ಕಟ್ಟಿನ ಗಾಜು ಒರೆಸಿ, ಮೊದಲಿನಿಂದ ಕೊನೆಯವರೆಗೆ ಓದಿದರು. ಎಲ್ಲ ನನ್ನ ವಾಕ್ಯಗಳು. ಸತ್ತವರ ಒಂದು ಅಕ್ಷರವೂ ಅದರಲ್ಲಿರಲಿಲ್ಲ.

ಉಳಿದವರು ಚಹಾ ಕುಡಿದು ಹೋದ ಮೇಲೆ ನಾನು ಕುಳಿತೇ ಇದ್ದೆ. “ಆ ಮಾಸಿಕ ಇಟ್ಟೀರೇನ್ರಿ?” ಎಂದೆ. ಇಟ್ಟಿದ್ದರು. ಗಲ್ಲೆಯ ಖಾನೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಇಷ್ಟು ವರ್ಷ, ಓದಲು ಬಾರದ ಅಸಲನ್ನು. ಮೊದಲು ತಪ್ಪೊಪ್ಪಿಕೊಂಡೆ, ಆಮೇಲೆ ಓದಿದೆ. ಒಂದೊಂದೇ ಸಾಲು ಉರ್ದುವಿನಲ್ಲಿ ಓದಿ, ಹಾಗೆಯೇ ಕನ್ನಡದಲ್ಲಿ ಹೇಳಿದೆ. ಮೂವತ್ತೊಂಬತ್ತು ಜೊಳ್ಳು ಎಂಬಲ್ಲಿ ಅವರ ಮುಖ ಕೆಂಪಾಯಿತು. ಮುಂದುವರಿದೆ.

“ಕೊನೆಯ ಪುಟದಲ್ಲಿ ಎಂಟು ಸಾಲಿನ ಒಂದು ಕವಿತೆ ಇದೆ. ಹೆಂಡತಿ ತೀರಿಕೊಂಡ ದಿನ ಅವಳು ನಾದಿಟ್ಟ ಜೋಳದ ಹಿಟ್ಟು ಪರಾತದಲ್ಲಿ ಹಾಗೆಯೇ ಉಳಿದಿದೆ. ಸೂತಕದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹಿಟ್ಟಿನ ಮೇಲೆ ಅವಳ ನಾಲ್ಕು ಬೆರಳಿನ ಗುರುತು ಒಣಗಿ ಬಿರಿಯುತ್ತಿದೆ. ಗಂಡ ಅದನ್ನು ಚೆಲ್ಲಲಾರ. ಇದನ್ನು ಓದಿದ ಮೇಲೆ ನನ್ನ ಎರಡೂ ಭಾಷೆಯ ಕವಿತೆಗಳನ್ನು ತೆಗೆದು ನೋಡಿದೆ. ಇದರ ಪಕ್ಕ ಇಡಬಹುದಾದದ್ದು ಒಂದೂ ಇರಲಿಲ್ಲ. ನನ್ನ ಗೆಳೆಯ ಕವಿ. ಅವನಿಗೆ ಅದು ಗೊತ್ತಿಲ್ಲ.”

ಸಿದ್ರಾಮಪ್ಪ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿದರು. ನನ್ನ ಮೇಲೆ ಸಿಟ್ಟಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಸಿಟ್ಟಾಗಲಿಲ್ಲ.

“ಅಂವಗ ನಾ ಬ್ಯಾಸರಾಗೇನಿ ಅಂತ ತಿಳಕೊಂಡಿದ್ನಿ,” ಎಂದರು. “ಇದನ್ನ ಆಗ ಓದಿದ್ರ ಅಂವನ ಖೋಲಿಗೆ ಹೋಗಿ ಜಗಳಾ ತಗೀತಿದ್ನಿ ಅಕ್ಕಾರ. ಬಾಯಿಗೆ ಬಂದಂಗ ಬೈತಿದ್ನಿ. ನಾಕ ದಿನ ಮಾತ ಬಿಡ್ತಿದ್ನಿ. ಐದನೇ ದಿನ ನಾನ ಚಾಕ್ಕ ಕರೀತಿದ್ನಿ. ಈಗ ಎಲ್ಲಿಗೆ ಹೋಗ್ಲಿರಿ? ಯಾರ ಕೂಡ ಜಗಳಾಡ್ಲಿ?”