ಕಂಬಕ್ಕಿಟ್ಟ ಬೊಟ್ಟು

ಆಂದಾವಾಯ್ಲಾಸ್ ಸೀಮೆಯ ಬೆಟ್ಟಗಳಿಗೆ ಇನ್ನೂ ಬಿಸಿಲು ತಾಗಿಲ್ಲ. ಕಟ್ಟುತ್ತಿರುವ ಶಾಲೆಯ ಅಂಗಳದಲ್ಲಿ ಸೆಬೆರಿನಾ ಕಾವಾನಾ ತೊಟ್ಟಿಯ ತಣ್ಣೀರಿಗೆ ಮೊಣಕೈವರೆಗೆ ಕೈ ಇಳಿಸಿ, ಕಾಂಕ್ರೀಟಿನ ಗಟ್ಟಿಗಳನ್ನು ಮೇಲೆತ್ತುತ್ತಾರೆ. ಹೊಸದಾಗಿ ಎರೆದ ಎರಡು ಕಂಬಗಳ ಕಾಂಕ್ರೀಟಿನಿಂದಲೇ ತೆಗೆದಿಟ್ಟ ಮಾದರಿಗಳಿವು. ಪೇಟೆಯ ಪರೀಕ್ಷಾಲಯದ ಯಂತ್ರ ಇವನ್ನು ಒತ್ತಿ ಒಡೆದು, ಎಷ್ಟು ಭಾರ ತಾಳಿದವೆಂದು ಹೇಳುತ್ತದೆ. ತಾರಸಿ ಹಾಕಬಹುದೋ ಇಲ್ಲವೋ ಎಂಬುದು ಇವತ್ತು ತೀರ್ಮಾನವಾಗಬೇಕು.

ಬಂದ ಫಲಿತಾಂಶವನ್ನು ಸೆಬೆರಿನಾ ಕಡತಕ್ಕೆ ಸೇರಿಸಿ ಸುಮ್ಮನಾಗುವುದಿಲ್ಲ. ಆಯಾ ಕಂಬಕ್ಕೇ ಬಣ್ಣದ ಬೊಟ್ಟಿಡುತ್ತಾರೆ. ಹಸಿರಾದರೆ ಮುಂದಿನ ಕೆಲಸ, ಕೆಂಪಾದರೆ ನಿಲುಗಡೆ. ಪಕ್ಕದಲ್ಲಿ, ಕಂಬ ಎರೆದ ಹೊತ್ತು.

"ಕಾಗದದಲ್ಲಿದ್ರೆ ಇಂಜಿನಿಯರ್ ಒಬ್ರೇ ಓದ್ತಾರೆ. ಕಂಬದ ಮೇಲಿದ್ರೆ ಮರಳು ಹೊರೋನೂ ಓದ್ತಾನೆ."

ಅವರೂ ಮರಳು ಹೊತ್ತವರೇ. ತಾವೇ ಕಲಸಿ ಹಾಕಿದ್ದ ಅಕ್ಕನ ಮನೆಯ ತಾರಸಿ, ನೆಲ ನಡುಗಿದಾಗ ಸೀಳಿತು. ಆಮೇಲೆ ಕಾಂಕ್ರೀಟ್ ಪರೀಕ್ಷಿಸುವ ಈ ಕೆಲಸ ಕಲಿತರು.

ಹೋದ ತಿಂಗಳು ಎರಡು ಕಂಬಕ್ಕೆ ಕೆಂಪು ಬಿತ್ತು. ತಾರಸಿ ಹಾಕುವ ದಿನವೆಂದರೆ ಇಲ್ಲಿ ಹಬ್ಬ; ವಾದ್ಯದವರಿಗೆ ಆಗಲೇ ಹೇಳಿಯಾಗಿತ್ತು. ಮೇಸ್ತ್ರಿ ಫೋರ್ತುನಾತೋ ರೇಗಿದರು.

"ಏನಕ್ಕಾ, ಕಂಬಕ್ಕೂ ಸಿಡುಬು ತರಿಸ್ದೆ?"

"ಬೊಟ್ಟು ನಂದು, ಸಿಡುಬು ನಿನ್ನ ಕಾಂಕ್ರೀಟಿಂದು. ಹೊತ್ತು ನೋಡು ಮೇಸ್ತ್ರಿ."

ಎರಡನ್ನೂ ಎರೆದದ್ದು ಚಿಚಾ ಬಂದ ಮೇಲೆ. ಕೆಲಸದ ನಡುವೆ ಊರ ಹೆಂಗಸರು ಮೆಕ್ಕೆಜೋಳದ ಆ ಹುಳಿ ಹೆಂಡವನ್ನು ತರುವುದು ಇಲ್ಲಿನ ಮರ್ಯಾದೆ; ಬೇಡವೆಂದರೆ ಅವಮಾನ. ಮೊದಲ ಗುಟುಕು ಭೂತಾಯಿಗೆ, ಉಳಿದದ್ದು ಆಳುಗಳಿಗೆ. ಆಮೇಲೆ ಕಲಸುವ ಕೈ ಸೋಲುತ್ತದೆ. ಸಲೀಸಾಗಲೆಂದು ಯಾರೋ ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ಕಾಂಕ್ರೀಟ್ ಬಡವಾಗುತ್ತದೆ.

"ನೀವು ಕುಡಿದ್ರೆ ಸಾಲ್ದಾ? ಕಂಬಕ್ಕೂ ಕುಡಿಸ್ಬೇಕಾ?" ಎಂದರು ಸೆಬೆರಿನಾ.

ಆಳುಗಳು ನಕ್ಕರು, ಮೇಸ್ತ್ರಿ ನಗಲಿಲ್ಲ. ಕಂಬ ಕೊರೆದು ನೋಡಿದರೂ ಅದೇ ಉತ್ತರ. ಇಂಜಿನಿಯರ್ ಹಬ್ಬ ಮುಂದೂಡಿದರು, ಕೆಲಸದ ಕ್ರಮ ಬದಲಿಸಿದರು: ಕೊನೆಯ ಡಬ್ಬಿ ಕಾಂಕ್ರೀಟ್ ಮೇಲೇರಿದ ನಂತರವೇ ಚಿಚಾ. ಹೆಂಗಸರಿಗೆ ಹೇಳಲು ಹೋದವರು ಫೋರ್ತುನಾತೋ. ಹೊಸದಾಗಿ ಎರೆಯಲೆಂದು ಆ ಎರಡು ಕಂಬ ಒಡೆಯುವಾಗ ಮೊದಲು ಸುತ್ತಿಗೆ ಎತ್ತಿದವರೂ ಅವರೇ.

ಮಧ್ಯಾಹ್ನ ಸೆಬೆರಿನಾ ಪೇಟೆಯಿಂದ ಮರಳುತ್ತಾರೆ. ಹಸಿರು ಬಣ್ಣದ ಡಬ್ಬಿ ತೆರೆಯುತ್ತಾರೆ. "ವಾದ್ಯದೋರನ್ನ ಕರೀರೋ!" ಎಂದು ಮೇಸ್ತ್ರಿ ಕೂಗುತ್ತಾರೆ.

ಗಿಲಾವು ಮಾಡಿದ ಮೇಲೆ ಈ ಬೊಟ್ಟುಗಳು ಯಾರಿಗೂ ಕಾಣುವುದಿಲ್ಲ. ಬೇಸರವಿಲ್ಲವೇ?

"ನೆಲ ನಡುಗಿದ ದಿನ ಕಂಬ ನಿಂತಿದ್ರೆ ಸಾಕು," ಎನ್ನುತ್ತಾರೆ ಸೆಬೆರಿನಾ. ಆಮೇಲೆ ಕುಂಚ ಒರೆಸುತ್ತಾ, "ಹಬ್ಬದ ದಿನ ಮೊದಲ ಲೋಟ ಚಿಚಾ ನಂಗೇ ಕೊಡ್ಲಿ. ನೀರಾಗಿದ್ರೆ ಗಡಿಗೆಗೂ ಕೆಂಪು ಬೊಟ್ಟಿಡ್ತೀನಿ."