ಅಚ್ಚಿನ ಚಿತ್ರಕ್ಕೊಂದು ದೃಷ್ಟಿಬೊಟ್ಟು

ಚೆನ್ನಾಗಿರುವುದು ಏನೇ ಕಣ್ಣಿಗೆ ಬೀಳಲಿ, ನನ್ನ ಬೆರಳು ಕಾಡಿಗೆ ಡಬ್ಬಿ ಹುಡುಕುತ್ತದೆ. ಕೂಸಿನ ಕೆನ್ನೆ, ಹೊಸ ಕರು, ಅಳಿಯನ ಸ್ಕೂಟರ್, ಯಾವುದನ್ನೂ ಬಿಟ್ಟವಳಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೆ, ದೃಷ್ಟಿಬೊಟ್ಟು ಬಿಡಲಿಲ್ಲ.

ಮೊಮ್ಮಗಳು ಚೈತ್ರ ಚಿತ್ರಕಲೆ ಓದುತ್ತಾಳೆ. ರಜೆಗೆ ಅಜ್ಜಂಪುರಕ್ಕೆ ಬಂದವಳು ಮರದ ಹಲಗೆ ಕೆತ್ತಿ, ಬಣ್ಣ ಸವರಿ, ಮೇಲೆ ಕಾಗದ ಹಾಸಿ, ನನ್ನ ಸೌಟಿನ ಬೆನ್ನಲ್ಲಿ ಉಜ್ಜಿ ಉಜ್ಜಿ ಒಂದೇ ಚಿತ್ರದ ಐದು ಅಚ್ಚು ಹಾಕಿದಳು. ಅಷ್ಟರಲ್ಲಿ ಹಲಗೆ ಸೀಳಿಹೋಯಿತು, ಇನ್ನೊಂದು ಅಚ್ಚು ತೆಗೆಯುವಂತಿಲ್ಲ. ಅವಳ ಮೊದಲ ಪ್ರದರ್ಶನಕ್ಕೆ ಐದೂ ಒಂದೇ ಥರ ಇರಬೇಕಂತೆ. ಮಾರನೆಯ ದಿನವೇ ರೈಲು.

ಚಿತ್ರದಲ್ಲಿ ಕೈಯಿಲ್ಲ, ಕಾಲಿಲ್ಲ. ಹಳದಿ ಉಂಡೆಗಳು, ಮೇಲೊಂದು ಬೂದಿಬಣ್ಣದ ಅಲೆ. ಪಕ್ಕದ ಮನೆಯ ರಹಮತ್ ಬೀ ಇಣುಕಿ, "ಏನಕ್ಕಾ, ನಿನ್ ಮೊಮ್ಮಗ್ಳು ಮುದ್ದೆಗೆ ಹೊಗೆ ಹಿಡ್ಸವ್ಳೆ" ಅಂದಳು.

"ಮುದ್ದೇನೇ ಕಣಜ್ಜಿ," ಎಂದಳು ಚೈತ್ರ. "ಸಮುದ್ರದಾಚೆ ಮಾಯಾ ಅಂತ ಜನ. ಅವ್ರ ದೇವ್ರುಗಳು ಮಣ್ಣಲ್ಲಿ ಮನುಷ್ಯನ್ನ ಮಾಡುದ್ರು, ಕರಗೋಯ್ತು. ಮರದಲ್ಲಿ ಮಾಡುದ್ರು, ಮನಸ್ಸೇ ಇಲ್ಲ. ಕೊನೇಗೆ ಮೆಕ್ಕೆಜೋಳದ ಹಿಟ್ಟಲ್ಲಿ ಮಾಡುದ್ರು."

ತವರು ಯಗಟಿಯಲ್ಲಿ ರಾಗಿಮುದ್ದೆ ತಿಂದು ಬೆಳೆದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಹಿಟ್ಟಿಲ್ಲದೆ ಎದ್ದು ನಿಂತ ಮನುಷ್ಯನನ್ನು ನಮ್ಮ ಕಡೆ ಯಾರೂ ಕಂಡಿಲ್ಲ.

ಅವಳು ಸ್ನಾನಕ್ಕೆ ಹೋದಾಗ ಚಿತ್ರದ ಮುಂದೆ ಒಬ್ಬಳೇ ಕೂತೆ. ಅರ್ಥವಾಗಲಿಲ್ಲ, ಕಣ್ಣು ಕೀಳಲೂ ಆಗಲಿಲ್ಲ. ಬೆರಳು ತನ್ನ ಕೆಲಸ ಮಾಡಿಬಿಟ್ಟಿತು. ಮೂಲೆಯಲ್ಲೊಂದು ಕಪ್ಪು ಬೊಟ್ಟು.

"ಅಜ್ಜೀ, ಇದೇನ್ ಮಾಡ್ಬಿಟ್ಟೆ?" ಸ್ನಾನ ಮುಗಿಸಿ ಬಂದ ಚೈತ್ರ ಚಿತ್ರವನ್ನು ಬೆಳಕಿಗೆ ಎಳೆದುಕೊಂಡಳು. ಸೆರಗಿನಿಂದ ಒರೆಸಲು ಹೋಗಿ ಅದನ್ನು ಇನ್ನೂ ಅಗಲ ಮಾಡಿದೆ.

"ತೀರಾ ಚಂದ ಇತ್ತು ಕಣವ್ವಾ. ದೃಷ್ಟಿ ಆಗ್ಬಾರ್ದು ಅಂತ."

ಅವಳು ಕಣ್ಣೊರೆಸಿಕೊಂಡು ಚಿತ್ರವನ್ನೇ ನೋಡುತ್ತಾ ಕೂತಳು. ಆಮೇಲೆ ಮಿಕ್ಕ ಕಥೆ ಹೇಳಿದಳು. ಹಿಟ್ಟಿನ ಮನುಷ್ಯರು ತೀರಾ ಚೆನ್ನಾಗಿ ಬಂದುಬಿಟ್ಟರಂತೆ. ಲೋಕದ ಮೂಲೆಮೂಲೆಯೂ ಅವರಿಗೆ ಕಾಣುತ್ತಿತ್ತು. ದೇವರುಗಳಿಗೇ ದಿಗಿಲಾಗಿ, ಕನ್ನಡಿಗೆ ಉಸಿರು ಬಿಟ್ಟ ಹಾಗೆ ಅವರ ಕಣ್ಣಿಗೆ ಮಂಜು ಊದಿದರಂತೆ. ಬೂದಿಬಣ್ಣದ ಅಲೆಯೇ ಆ ಉಸಿರು.

"ಹಂಗಾರೆ ದೇವ್ರೂ ಬೊಟ್ಟಿಟ್ಟವ್ನೆ ಅನ್ನು," ಅಂದೆ.

ಚೈತ್ರಳಿಗೆ ನಗು ಬಂತು. ಉಳಿದ ನಾಲ್ಕನ್ನೂ ನನ್ನ ಮುಂದೆ ಹಾಸಿದಳು. "ಎಲ್ಲಾ ಒಂದೇ ಥರ ಇರ್ಬೇಕು. ಇಡು. ಸೆರಗಲ್ಲಿ ಒರ್ಸೋದ್ ಮರೀಬ್ಯಾಡ."

ಐದೂ ಪ್ರದರ್ಶನದ ಗೋಡೆ ಹತ್ತಿದ ಫೋಟೋ ಫೋನಿಗೆ ಬಂದಾಗಿನಿಂದ ಹಾಲಿನವನಿಗೂ ಎರಡು ಸಲ ತೋರಿಸಿದ್ದೇನೆ. ನನ್ನ ಕಣ್ಣಿಗೆ ಪೊರೆ ಬಂದಿದೆ ಎಂದು ಮುಂಚೆ ಡಾಕ್ಟರು ಹೇಳಿದಾಗ ಬೇಜಾರಾಗಿತ್ತು. ಈಗಿಲ್ಲ. ನಾನೂ ತೀರಾ ಚಂದವೇ ಬಂದಿದ್ದೆ ಅಂತ ಕಾಣುತ್ತದೆ.